ಅರ್ಜಿ ಎಂಬ ಆತ್ಮಕಥನ: ವಿದೇಶಿ ವಿದ್ಯಾರ್ಥಿವೇತನಗಳ ಒಂದು ಓದು

ಹೋದ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅರ್ಜಿಯೊಂದನ್ನು ಹಿಡಿದುಕೊಂಡು ಮನೆಗೆ ಬಂದಳು. ಬಿ.ಎ. ಆದ ಮೇಲೆ ಎಂ.ಎಸ್.ಡಬ್ಲ್ಯು. ಮಾಡಿ, ಈಗ ಎರಡು ವರ್ಷದಿಂದ ಕುಡಿಯುವ ನೀರು, ನೈರ್ಮಲ್ಯ ಅಂತ ಕೆಲಸ ಮಾಡುವ ಒಂದು ಸಂಸ್ಥೆಯಲ್ಲಿದ್ದಾಳೆ. ಇಂಗ್ಲೆಂಡಿಗೆ ಹೋಗಿ ಒಂದು ವರ್ಷ ಅಭಿವೃದ್ಧಿ ಅಧ್ಯಯನ ಓದುವುದಕ್ಕೆ ಕೊಡುವ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಅರ್ಜಿ ಅದು. ನಿಮ್ಮ ಓದಿನಿಂದ ನಿಮ್ಮ ದೇಶದ ಅಭಿವೃದ್ಧಿಗೆ ಏನು ಪ್ರಯೋಜನ ಎಂದು ಕೇಳುವ ಪ್ರಶ್ನೆಯ ಹತ್ತಿರ ಅವಳು ನಿಂತುಬಿಟ್ಟಿದ್ದಳು. “ಮೇಡಂ, ನಮ್ಮಪ್ಪ ಮುನ್ಸಿಪಾಲ್ಟೀಲಿ ಚರಂಡಿ ಕೆಲಸ ಮಾಡ್ತಾರಲ್ಲ, ಅದನ್ನ ಇಲ್ಲಿ ಬರೀಬೋದಾ, ಬರೀಬಾರ್ದಾ?” ಅಂತ ಕೇಳಿದಳು.

ನಾನು ಹಿಂದೆಮುಂದೆ ನೋಡದೆ “ಬೇಡಮ್ಮ” ಅಂದುಬಿಟ್ಟೆ. ಓದಿದವರಿಗೆ ಅಯ್ಯೋ ಪಾಪ ಅನ್ನಿಸುತ್ತೆ, ಅಯ್ಯೋ ಪಾಪ ಅನ್ನಿಸಿಕೊಂಡು ದುಡ್ಡು ತಗೊಳ್ಳೋದು ಬೇಡ ಅಂತ ನನ್ನ ಲೆಕ್ಕ. ಅವಳು ತಲೆಯಾಡಿಸಿ ಹೋದಳು. ಹೋದ ಮೇಲೆ ಆ ಉತ್ತರ ನನಗೇ ಸರಿ ಕಾಣಲಿಲ್ಲ. ಈ ಬರಹ ಹುಟ್ಟಿದ್ದು ಆ ಇರುಸುಮುರುಸಿನಿಂದ.

ದಲಿತ ವಿಮರ್ಶೆಯ ವಿಶೇಷ ಸಂಚಿಕೆಗೆ ಸ್ಕಾಲರ್‌ಶಿಪ್ಪಿನ ಲೇಖನ ಯಾಕೆ ಎಂದು ಸಂಪಾದಕರೂ ಕೇಳಿದರು. ನಾವು ಪಂಪನನ್ನು ಓದಿದ್ದೇವೆ, ವಚನಗಳನ್ನು ಓದಿದ್ದೇವೆ, ನವ್ಯದ ಕಾದಂಬರಿಗಳಲ್ಲಿ ನಮ್ಮ ಕೇರಿ ಎಲ್ಲಿದೆ ಎಂದು ಹುಡುಕಿದ್ದೇವೆ. ಆದರೆ ನಮ್ಮ ಹುಡುಗ ಹುಡುಗಿಯರ ಮುಂದಿನ ಮೂವತ್ತು ವರ್ಷಗಳನ್ನು ತೀರ್ಮಾನಿಸುವ ಪಠ್ಯವೊಂದಿದೆ. ಅದು ಅರ್ಜಿ ನಮೂನೆ. ಅದನ್ನು ಬರೆದವರು ಯಾರು, ಅದು ಎಂಥ ‘ನಾನು’ವನ್ನು ನಿರೀಕ್ಷಿಸುತ್ತದೆ, ಯಾವ ಅನುಭವಕ್ಕೆ ಅದರಲ್ಲಿ ಜಾಗವಿದೆ, ಯಾವುದಕ್ಕಿಲ್ಲ – ಇಂಥ ಪ್ರಶ್ನೆಗಳನ್ನು ನಾವು ಕಾದಂಬರಿಗೆ ಕೇಳಿದಷ್ಟು ಅರ್ಜಿಗೆ ಕೇಳಿಲ್ಲ. ಮೇಲ್ಜಾತಿಯ ಮನೆಗಳಲ್ಲಿ ಈ ಪಠ್ಯವನ್ನು ಓದುವ ಪರಂಪರೆಯೇ ಇದೆ. ಅಣ್ಣನ ಅರ್ಜಿ ತಮ್ಮನಿಗೆ ಮಾದರಿ, ಅತ್ತೆಯ ಮಗ ಅಮೆರಿಕದಿಂದಲೇ ತಿದ್ದಿ ಕಳಿಸುತ್ತಾನೆ. ನಮ್ಮ ಹುಡುಗಿಗೆ ಸಿಕ್ಕಿದ್ದು ನಾನು, ಸ್ವತಃ ಒಮ್ಮೆ ಅರ್ಜಿ ಹಾಕಿ ಸೋತವಳು.

ದಲಿತ ಆತ್ಮಕಥನ ಮತ್ತು ಈ ಅರ್ಜಿ ಎರಡೂ ‘ನಾನು’ ಎಂದೇ ಶುರುವಾಗುತ್ತವೆ. ಅರವಿಂದ ಮಾಲಗತ್ತಿಯವರು 1994ರ ತಮ್ಮ ಆತ್ಮಕಥನಕ್ಕೆ ‘ಗೌರ್ಮೆಂಟ್ ಬ್ರಾಹ್ಮಣ’ ಎಂದು ಹೆಸರಿಟ್ಟಿದ್ದನ್ನು ನೆನೆಯಬೇಕು. ಸರ್ಕಾರದ ಸವಲತ್ತು ಪಡೆದು ಓದುವವರನ್ನು ಹಂಗಿಸುವ ಮಾತನ್ನೇ ಅವರು ಪುಸ್ತಕದ ಹಣೆಗೆ ಅಂಟಿಸಿದರು. ಆತ್ಮಕಥನ ಹೀಗೆ ಹಂಗನ್ನು ಓದುಗರ ಮುಂದೆ ಎಳೆದು ತರುತ್ತದೆ. ಅರ್ಜಿಗೆ ಬೇಕಾಗಿರುವುದು ಬೇರೆ ಥರದ ಕಥೆ: ಕಷ್ಟವಿತ್ತು, ಛಲವಿತ್ತು, ಗೆದ್ದೆ, ಇನ್ನು ನನ್ನಂಥವರನ್ನು ಗೆಲ್ಲಿಸುತ್ತೇನೆ. ಅದರಲ್ಲಿ ಕಷ್ಟ ಕೊಟ್ಟವರು ಯಾರು ಎಂಬ ಪ್ರಶ್ನೆಗೆ ಅಂಕಣವೇ ಇರುವುದಿಲ್ಲ. ಬಡತನ ಮಳೆಯ ಹಾಗೆ ಮೇಲಿನಿಂದ ಬಿದ್ದಿರುತ್ತದೆ.

ಹಾಗಾದರೆ ಇದರ ಸಹವಾಸವೇ ಬೇಡ ಅನ್ನೋಣವೇ? ಅನ್ನಲು ಬಾಬಾಸಾಹೇಬರ ಬದುಕು ಬಿಡುವುದಿಲ್ಲ. 1913ರಲ್ಲಿ ಬರೋಡಾದ ಸಯಾಜಿರಾವ್ ಗಾಯಕವಾಡರು ಅವರಿಗೆ ಕೊಟ್ಟಿದ್ದು ತಿಂಗಳಿಗೆ 11.5 ಪೌಂಡಿನಂತೆ ಮೂರು ವರ್ಷದ ವೇತನ. ಬದಲಿಗೆ ಬರೆಸಿಕೊಂಡಿದ್ದು, ಓದಿ ಬಂದ ಮೇಲೆ 10 ವರ್ಷ ಬರೋಡಾ ಸಂಸ್ಥಾನದ ಚಾಕರಿ ಮಾಡಬೇಕೆಂಬ ಕರಾರು. ಕೊಲಂಬಿಯಾದಲ್ಲಿ ಅವರು ಅರ್ಥಶಾಸ್ತ್ರ ಓದಿದರು, ಜೊತೆಗೆ ಇತಿಹಾಸ, ಸಮಾಜಶಾಸ್ತ್ರ, ತತ್ತ್ವಶಾಸ್ತ್ರದ ತರಗತಿಗಳಿಗೂ ಹೋಗಿ ಕೂತರು. 1915ರ ಎಂ.ಎ. ಪ್ರಬಂಧದ ವಿಷಯ ಪ್ರಾಚೀನ ಭಾರತದ ವಾಣಿಜ್ಯ. 1916ರ ಮೇ 9ರಂದು ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರದ ಸೆಮಿನಾರಿನಲ್ಲಿ ಮಂಡಿಸಿದ್ದು ಭಾರತದ ಜಾತಿಗಳ ಹುಟ್ಟು, ರಚನೆಗಳ ಬಗೆಗಿನ ಪ್ರಬಂಧ. ಅದು ಮರುವರ್ಷ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚಾಯಿತು. ಜಾತಿಯನ್ನು ನಮ್ಮವರೊಬ್ಬರು ಆಧುನಿಕ ಸಮಾಜವಿಜ್ಞಾನದ ಭಾಷೆಯಲ್ಲಿ ಬಿಡಿಸಿಟ್ಟ ಮೊದಲ ಮಹತ್ವದ ಬರಹ ಅದು. ಅದು ನಡೆದದ್ದು ನ್ಯೂಯಾರ್ಕಿನಲ್ಲಿ, ಒಬ್ಬ ರಾಜನ ಸ್ಕಾಲರ್‌ಶಿಪ್ಪಿನ ದುಡ್ಡಿನಲ್ಲಿ.

ಮುಂದಿನದನ್ನೂ ಮರೆಯಬಾರದು. ವೇತನದ ಅವಧಿ ಮುಗಿದು, ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು 1917ರಲ್ಲಿ ಬರೋಡಾಕ್ಕೆ ಬಂದವರಿಗೆ ತಲೆ ಇಡಲು ಜಾಗ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಹೆಸರು ಮರೆಸಿಕೊಂಡು ಇದ್ದರು. 11ನೆಯ ದಿನ ದೊಣ್ಣೆ ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಆ ಅನುಭವ ಬರೆದ ಟಿಪ್ಪಣಿಗಳಿಗೆ ಇರುವ ಹೆಸರು ‘ವೇಟಿಂಗ್ ಫಾರ್ ಎ ವೀಸಾ’. ಕರಾರಿನ 10 ವರ್ಷ ಇರಲಿ, ಒಂದು ತಿಂಗಳೂ ಸರಿಯಾಗಿ ನಡೆಯಲಿಲ್ಲ. ಆಮೇಲೆ ಸಿಡನಹ್ಯಾಮ್ ಕಾಲೇಜಿನಲ್ಲಿ ಪಾಠ ಮಾಡಿ ಉಳಿಸಿದ ದುಡ್ಡು, ಶಾಹು ಮಹಾರಾಜರ ನೆರವು, ಗೆಳೆಯ ನವಲ್ ಭಥೇನಾ ಕೊಟ್ಟ ಸಾಲ ಎಲ್ಲ ಸೇರಿಸಿಕೊಂಡು 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. 1942ರಲ್ಲಿ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿದ್ದಾಗ ವೈಸ್‌ರಾಯ್ ಲಿನ್‌ಲಿತ್‌ಗೋಗೆ ಕೊಟ್ಟ ಮನವಿಯಲ್ಲಿ, ಪರಿಶಿಷ್ಟ ಜಾತಿಯ ಮಕ್ಕಳ ಉನ್ನತ ಓದಿಗೆ, ವಿಶೇಷವಾಗಿ ವಿಜ್ಞಾನ ಮತ್ತು ತಾಂತ್ರಿಕ ಓದಿಗೆ, ಹೊರದೇಶದ ಓದಿಗೆ ಸರ್ಕಾರ ಹಣ ಕೊಡಬೇಕೆಂದು ವಾದಿಸಿದರು. ತಾನು ಹತ್ತಿದ ಏಣಿ ಎಷ್ಟು ಅಲುಗಾಡುತ್ತಿತ್ತು ಎನ್ನುವುದು ಗೊತ್ತಿದ್ದವರ ವಾದ ಅದು.

ಈಗ ಅದೇ ಹಾದಿಯ ಇಂದಿನ ಸ್ಥಿತಿ ನೋಡೋಣ. ಕೇಂದ್ರ ಸರ್ಕಾರದ ‘ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್’ 1954-55ರಿಂದ ನಡೆಯುತ್ತಿದೆ. ಸಾಮಾಜಿಕ ನ್ಯಾಯ ಸಚಿವಾಲಯದ ಕೈಯಲ್ಲಿರುವ ಈ ಯೋಜನೆಯಲ್ಲಿ ವರ್ಷಕ್ಕೆ 125 ಸ್ಥಾನಗಳಿವೆ. ಅದರಲ್ಲಿ 115 ಪರಿಶಿಷ್ಟ ಜಾತಿಗೆ, 6 ಅಲೆಮಾರಿ, ಅರೆ ಅಲೆಮಾರಿ ಮತ್ತು ವಿಮುಕ್ತ ಬುಡಕಟ್ಟುಗಳಿಗೆ, 4 ಭೂಹೀನ ಕೃಷಿ ಕೂಲಿಕಾರರಿಗೆ ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳಿಗೆ. ಪರಿಶಿಷ್ಟ ಪಂಗಡಕ್ಕೆ ಬುಡಕಟ್ಟು ಸಚಿವಾಲಯದ ಬೇರೆ ಯೋಜನೆ ಇದೆ, ಅಲ್ಲಿ 20. 2011ರ ಜನಗಣತಿಯ ಪ್ರಕಾರ ಈ ದೇಶದ ಪರಿಶಿಷ್ಟ ಜಾತಿಯ ಜನಸಂಖ್ಯೆ 20 ಕೋಟಿಗೂ ಹೆಚ್ಚು. ಕರ್ನಾಟಕದಲ್ಲೇ 1 ಕೋಟಿಗೂ ಮೀರಿದೆ. 115ನ್ನು ಅದರ ಪಕ್ಕದಲ್ಲಿಟ್ಟು ನೋಡಿ. 35 ವರ್ಷದೊಳಗಿರಬೇಕು, 60 ಪರ್ಸೆಂಟ್ ಅಂಕ ಬೇಕು, ಮನೆಯ ವರಮಾನ 8 ಲಕ್ಷ ಮೀರಬಾರದು, ಪ್ರವೇಶ ಸಿಕ್ಕ ವಿಶ್ವವಿದ್ಯಾಲಯ ಕ್ಯೂಎಸ್ ಎಂಬ ಜಾಗತಿಕ ಶ್ರೇಯಾಂಕ ಪಟ್ಟಿಯಲ್ಲಿ ಮೊದಲ 500ರೊಳಗೆ ಇರಬೇಕು. ಶೇಕಡಾ 30 ಹೆಣ್ಣುಮಕ್ಕಳಿಗೆ.

ಇದೆಲ್ಲ ಸರಿ. ಆದರೆ 2022ರ ಫೆಬ್ರವರಿಯಲ್ಲಿ ಬಂದ ಮಾರ್ಗಸೂಚಿ ಒಂದು ಹೊಸ ಷರತ್ತು ತಂದಿತು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತದ ಸಾಮಾಜಿಕ ಅಧ್ಯಯನ – ಇವುಗಳಿಗೆ ಸಂಬಂಧಿಸಿದ ಕೋರ್ಸು, ಸಂಶೋಧನೆಗಳಿಗೆ ಈ ಹಣ ಇಲ್ಲ. ಇಲ್ಲಿನ ವಿಷಯ ಓದೋಕೆ ಅಲ್ಲಿಗೆ ಯಾಕೆ ಹೋಗಬೇಕು ಎಂಬುದು ಅಧಿಕಾರಿಗಳ ಸಮಜಾಯಿಷಿ. ನೋಡಲು ಸರಳ ಪ್ರಶ್ನೆ. ಇದೇ ಷರತ್ತನ್ನು ಬರೋಡಾದ ದಿವಾನರು 1913ರಲ್ಲಿ ಹಾಕಿದ್ದರೆ ಪ್ರಾಚೀನ ವಾಣಿಜ್ಯದ ಎಂ.ಎ. ಪ್ರಬಂಧವೂ ಜಾತಿಗಳ ಬಗೆಗಿನ ಸೆಮಿನಾರ್ ಪ್ರಬಂಧವೂ ‘ಅನರ್ಹ’ದ ಕಟ್ಟಿಗೆ ಸೇರುತ್ತಿದ್ದವು. ಜಾತಿಯನ್ನು ಓದುವುದಕ್ಕೆ ದೂರ ಬೇಕಾಗುತ್ತದೆ. ಗೈಡಿನ ಮನೆಯ ಅಂಗಳದಾಚೆ ನಿಂತು ಥೀಸಿಸ್‌ಗೆ ಸಹಿ ಹಾಕಿಸಿಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೇಲ್ಜಾತಿಯ ಹುಡುಗ ಅಪ್ಪನ ದುಡ್ಡಿನಲ್ಲೋ ಆ ವಿಶ್ವವಿದ್ಯಾಲಯದ್ದೇ ದುಡ್ಡಿನಲ್ಲೋ ಹೋಗಿ ಜಾತಿಯ ಬಗ್ಗೆ ಬರೆಯಬಹುದು. ನಮ್ಮ ಹುಡುಗಿ ಸರ್ಕಾರದ ದುಡ್ಡಿನಲ್ಲಿ ಹೋಗುವುದಾದರೆ ಡೇಟಾ ಸೈನ್ಸ್ ಓದಬೇಕು. ಡೇಟಾ ಸೈನ್ಸ್ ಓದಲಿ, ಸಂತೋಷ. ಆದರೆ ಯಾರು ಏನನ್ನು ಓದಬೇಕು ಎಂದು ವಿಧಿಸುವ ಈ ಹಳೆಯ ಚಾಳಿಯ ಗುರುತು ನಮಗಿದೆ.

ಆಯ್ಕೆಯಾದ ಮೇಲೂ ಕಥೆ ಮುಗಿಯುವುದಿಲ್ಲ. 2025ರಲ್ಲಿ 106 ಮಂದಿ ಆಯ್ಕೆಯಾದರು, ಮೊದಲು ಪತ್ರ ಬಂದಿದ್ದು 40 ಮಂದಿಗೆ. ಉಳಿದ 66 ಮಂದಿಗೆ ಹಣ ಲಭ್ಯವಾದರೆ ಎಂಬ ಒಕ್ಕಣೆ. ಅದು ಜುಲೈ ತಿಂಗಳು. ಅಲ್ಲಿ ತರಗತಿ ಸೆಪ್ಟೆಂಬರ್‌ಗೆ ಶುರು. ಸ್ಕಾಲರ್‌ಶಿಪ್ ತಡವಾಗುವುದು ಅಂದರೆ ನಮ್ಮಲ್ಲಿ ಬರೀ ತಡವಲ್ಲ. 2016ರ ಜನವರಿಯಲ್ಲಿ ಹೈದರಾಬಾದಿನಲ್ಲಿ ರೋಹಿತ್ ವೇಮುಲ ತೀರಿಕೊಂಡಾಗ ಅವರಿಗೆ ಏಳು ತಿಂಗಳ ಫೆಲೋಶಿಪ್ ಬಾಕಿ ಇತ್ತು.

ಆದ್ದರಿಂದಲೇ ಹೊರದೇಶಗಳ ಹಣದ ಕಡೆ ನೋಡಬೇಕಾಗುತ್ತದೆ. ಅದೂ ಧರ್ಮಕ್ಕೆ ಬಂದದ್ದಲ್ಲ. ವಸಾಹತುಗಳು ಕೈಬಿಟ್ಟು ಹೋಗುತ್ತಿದ್ದ ಕಾಲದಲ್ಲೇ ‘ಅಭಿವೃದ್ಧಿ ಅಧ್ಯಯನ’ ಎಂಬ ಶಿಸ್ತು ಬೆಳೆಯಿತು. ಹೇಗ್ ನಗರದ ಸಮಾಜ ಅಧ್ಯಯನ ಸಂಸ್ಥೆ 1952ರದು, ಸಸೆಕ್ಸ್‌ನ ಅಭಿವೃದ್ಧಿ ಅಧ್ಯಯನ ಸಂಸ್ಥೆ 1966ರದು. ಕಾಮನ್‌ವೆಲ್ತ್ ಯೋಜನೆ 1959ರಲ್ಲಿ ರೂಪುಗೊಂಡಿತು. ಬ್ರಿಟನ್ನಿನ ವಿದೇಶಾಂಗ ಇಲಾಖೆಯ ಚೀವ್ನಿಂಗ್ 1983ರಲ್ಲಿ ಬಂತು. ಜರ್ಮನಿಯ ಡಾಡ್ ಸಂಸ್ಥೆ ಅಭಿವೃದ್ಧಿಗೆ ಸಂಬಂಧಿಸಿದ ಸ್ನಾತಕೋತ್ತರ ಕೋರ್ಸುಗಳಿಗೇ ಒಂದು ಯೋಜನೆ ಇಟ್ಟಿದೆ, ‘ಎಪೋಸ್’ ಅಂತ. ಅದರ ದುಡ್ಡು ಅಲ್ಲಿನ ಅಭಿವೃದ್ಧಿ ಸಹಕಾರ ಸಚಿವಾಲಯದ್ದು. ಅಂದರೆ ನಾವು ಅಲ್ಲಿನ ಕಡತಗಳಲ್ಲಿ ಬಾವಿ ತೋಡಿಸುವ ಯೋಜನೆಯ ಪಕ್ಕದ ಸಾಲಿನಲ್ಲಿರುತ್ತೇವೆ. ಓದಿ ವಾಪಸ್ ಬರಬೇಕು ಎಂಬ ಷರತ್ತು ಅದಕ್ಕೇ. ಚೀವ್ನಿಂಗ್‌ನದು ಎರಡು ವರ್ಷ. ಇದು ನಮಗೆ ತೊಂದರೆಯ ಷರತ್ತೇನಲ್ಲ, ನಾವು ಹೇಗೂ ವಾಪಸ್ ಬರಬೇಕಾದವರೇ.

ಈ ಅರ್ಜಿಗಳ ಭಾಷೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಚೀವ್ನಿಂಗ್ ಕೇಳುವುದು ನಾಲ್ಕು ಪ್ರಬಂಧ: ನಾಯಕತ್ವ, ಸಂಪರ್ಕ ಬೆಳೆಸುವ ಶಕ್ತಿ, ಆ ಕೋರ್ಸೇ ಯಾಕೆ, ಮುಂದೇನು. ನಾಯಕತ್ವ ಅಂದ ಕೂಡಲೇ ನಮ್ಮ ಹುಡುಗರು “ನಾನು ಯಾವ ಲೀಡರ್ರೂ ಅಲ್ಲ ಮೇಡಂ” ಅಂತ ಹಿಂದೆ ಸರಿಯುತ್ತಾರೆ. ಕ್ಲಾಸ್ ರೆಪ್ರೆಸೆಂಟೇಟಿವ್ ಕೂಡ ಆಗಿರುವುದಿಲ್ಲ, ಆಗಲು ಬಿಟ್ಟವರು ಯಾರು? ಆದರೆ ಅದೇ ಹುಡುಗ ಹಾಸ್ಟೆಲಿನ ಅಕ್ಕಿಯಲ್ಲಿ ಹುಳ ಬಂದಾಗ ಇಡೀ ಹಾಸ್ಟೆಲನ್ನು ತಟ್ಟೆ ಹಿಡಿಸಿ ತಾಲ್ಲೂಕು ಆಫೀಸಿನ ಮುಂದೆ ಕೂರಿಸಿರುತ್ತಾನೆ. ವಾರ್ಡನ್ ಅದನ್ನು ಗಲಾಟೆ ಅಂತ ಬರೆದುಕೊಂಡರು; ಅವನೂ ಗಲಾಟೆ ಅಂತಲೇ ನಂಬಿದ್ದಾನೆ. ಎಷ್ಟು ಜನ, ಎಷ್ಟು ದಿನ, ಯಾರ ಜೊತೆ ಮಾತುಕತೆ, ಕೊನೆಗೆ ಏನು ಬದಲಾಯಿತು ಎಂದು ಬರೆದರೆ ಅದೇ ನಾಯಕತ್ವದ ಪ್ರಬಂಧ. ಸಂಪರ್ಕ ಅಂದರೂ ಹಾಗೇ. ಕ್ಲಬ್ಬಿನ ಪರಿಚಯವೇ ಸಂಪರ್ಕ ಅಂತ ಯಾರು ಹೇಳಿದ್ದು? ದಲಿತ ಸಂಘರ್ಷ ಸಮಿತಿಯ ಜಾಥಾಗಳು ಊರೂರಿಗೆ ಹೋದದ್ದು ಹಾಸ್ಟೆಲಿನ ಗೆಳೆತನದ ಮೇಲೆ. ಅಮ್ಮನ ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕ ಬರೆದವಳು ಹಣಕಾಸಿನ ಕೆಲಸ ಮಾಡಿದ್ದಾಳೆ.

ಚೀವ್ನಿಂಗ್ 2,800 ಗಂಟೆಗಳ ಕೆಲಸದ ಅನುಭವ ಕೇಳುತ್ತದೆ, ಸುಮಾರು ಎರಡು ವರ್ಷದ್ದು. ಸಂಬಳವಿಲ್ಲದ ಸ್ವಯಂಸೇವೆ, ಅರೆಕಾಲಿಕ ಕೆಲಸ, ಇಂಟರ್ನ್‌ಶಿಪ್ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಸಂಘಟನೆಯಲ್ಲಿ ದುಡಿದವರು, ಅತಿಥಿ ಉಪನ್ಯಾಸಕರು ಇದನ್ನು ಗಮನಿಸಬೇಕು. ‘ಎಪೋಸ್’ ಕೂಡ ಎರಡು ವರ್ಷ ಕೇಳುತ್ತದೆ, ಜೊತೆಗೆ ಕೊನೆಯ ಡಿಗ್ರಿ ಪಡೆದು ಆರು ವರ್ಷ ಮೀರಿರಬಾರದು. ತಂಗಿಯ ಮದುವೆ, ಅಪ್ಪನ ಆಸ್ಪತ್ರೆ ಅಂತ ನಮ್ಮ ಆರು ವರ್ಷಗಳು ಹೇಗೆ ಕಳೆಯುತ್ತವೆ ಎನ್ನುವುದು ಆ ನಿಯಮ ಮಾಡಿದವರಿಗೆ ತಿಳಿಯದು.

ಬೇರೆ ಥರದ ನಿಯಮವೂ ಸಾಧ್ಯ ಎಂದು ಒಮ್ಮೆ ಕಂಡಿದೆ. ಫೋರ್ಡ್ ಫೌಂಡೇಶನ್ 2001ರಿಂದ 2013ರವರೆಗೆ ನಡೆಸಿದ ಅಂತರರಾಷ್ಟ್ರೀಯ ಫೆಲೋಶಿಪ್ ಯೋಜನೆಯಲ್ಲಿ ಭಾರತವೂ ಸೇರಿ 22 ದೇಶಗಳ 4,300 ಮಂದಿ ಓದಿದರು. ವಯಸ್ಸಿನ ಮಿತಿ ಇರಲಿಲ್ಲ. ಅಂಕದ ಜೊತೆಗೆ ಅಭ್ಯರ್ಥಿ ತನ್ನ ಜನರ ನಡುವೆ ಏನು ಮಾಡಿದ್ದಾನೆ ಎಂದು ನೋಡಿದರು. ಇಂಗ್ಲಿಷ್ ಬಾರದವರಿಗೆ ಆಯ್ಕೆಯಾದ ಮೇಲೆ ಇಂಗ್ಲಿಷ್ ಕಲಿಸಿದರು. ಮೊದಲು ಇಂಗ್ಲಿಷ್, ಆಮೇಲೆ ಅವಕಾಶ ಎಂಬ ಕ್ರಮವನ್ನು ಹೀಗೆ ತಿರುಗಿಸಿಟ್ಟರು. ಬಂಡವಾಳಶಾಹಿಯ ಹಣ ಎಂದು ನಮ್ಮ ಗೆಳೆಯರು ಆಗಲೂ ಟೀಕಿಸಿರಬಹುದು. ಟೀಕೆ ಇರಲಿ, ಆ ಕ್ರಮವನ್ನು ನಮ್ಮ ಸಮಾಜ ಕಲ್ಯಾಣ ಇಲಾಖೆ ಯಾಕೆ ಎತ್ತಿಕೊಳ್ಳಬಾರದು ಎಂದೂ ಕೇಳಬೇಕು. ಕರ್ನಾಟಕಕ್ಕೂ ‘ಪ್ರಬುದ್ಧ’ ಎಂಬ ವಿದೇಶ ವ್ಯಾಸಂಗದ ಯೋಜನೆ ಬಂದಿದೆ. ಅದರ ಹೆಸರನ್ನೇ ಕೇಳದ ಪದವಿ ತರಗತಿಗಳಲ್ಲಿ ನಾನು ಪಾಠ ಮಾಡುತ್ತಿದ್ದೇನೆ.

ಇನ್ನು ನನ್ನ ಸೋಲಿನ ವಿಚಾರ. ನಾಲ್ಕು ವರ್ಷದ ಹಿಂದೆ ನಾನು ಅರ್ಜಿ ಹಾಕಿದಾಗ ಇಬ್ಬರು ಅಧ್ಯಾಪಕರ ಶಿಫಾರಸು ಪತ್ರ ಬೇಕಿತ್ತು. ಒಬ್ಬರು ಮೂರು ವಾರ ಓಡಾಡಿಸಿ, “ನೀನೇ ಬರ್ಕೊಂಡ್ ಬಾ, ಸೈನ್ ಹಾಕ್ತೀನಿ” ಅಂದರು. ಇನ್ನೊಬ್ಬರು ಪ್ರೀತಿಯಿಂದಲೇ ಬರೆದುಕೊಟ್ಟರು. ಅದರಲ್ಲಿ ನಾನು ವಿನಯವಂತೆ, ವಿಧೇಯೆ, ‘ಪರಿಶಿಷ್ಟ ಜಾತಿಗೆ ಸೇರಿದ್ದರೂ’ ಪರಿಶ್ರಮಿ. ಆ ‘ದ್ದರೂ’ ಎಂಬ ಪ್ರತ್ಯಯ ಇಂಗ್ಲಿಷಿನಲ್ಲೂ ಅಷ್ಟೇ ಚೊಕ್ಕವಾಗಿ ಕೂತಿತ್ತು. ಅವರು ಕೆಟ್ಟವರಲ್ಲ. ನನ್ನ ಪ್ರಬಂಧದ ವಿಷಯವೇನು, ನಾನು ಏನು ಕಂಡುಹಿಡಿದೆ, ಯಾರ ಜೊತೆ ವಾದ ಮಾಡಿದೆ ಎಂಬುದರ ಬಗ್ಗೆ ಒಂದು ಸಾಲೂ ಆ ಪತ್ರದಲ್ಲಿರಲಿಲ್ಲ. ಪಕ್ಕದ ಕಾಲೇಜಿನ ಹುಡುಗನಿಗೆ ಬಂದ ಪತ್ರ ಆಮೇಲೆ ನೋಡಿದೆ, ಎರಡು ಪುಟ, ಅವನ ತರ್ಕದ ಹರಿತದ ಬಗ್ಗೆ. ಆಯ್ಕೆ ಸಮಿತಿ ವಿಧೇಯತೆಗೆ ಎಷ್ಟು ಅಂಕ ಕೊಟ್ಟಿರುತ್ತದೆ? ಈಗ ನಾನು ಬರೆಯುವ ಪತ್ರಗಳಲ್ಲಿ ವಿನಯ ಎಂಬ ಪದ ಬರದಂತೆ ಕಾಯುತ್ತೇನೆ. ನಮ್ಮಲ್ಲಿ ಅಧ್ಯಾಪಕರಾದವರು ಈ ಒಂದು ಕೆಲಸವನ್ನು ಕೈಗೆತ್ತಿಕೊಂಡರೆ ಸಾಕಷ್ಟಾಗುತ್ತದೆ: ಪತ್ರ ಕೇಳಿ ಬಂದವರನ್ನು ಕೂರಿಸಿಕೊಂಡು ಒಂದು ಗಂಟೆ ಅವರ ಕೆಲಸದ ಬಗ್ಗೆ ಕೇಳುವುದು.

ದುಡ್ಡಿನ ಮಾತು. ಚೀವ್ನಿಂಗ್‌ಗೆ, ಕಾಮನ್‌ವೆಲ್ತ್‌ಗೆ ಅರ್ಜಿ ಶುಲ್ಕವಿಲ್ಲ. ಆದರೆ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ಗೆ 17 ಸಾವಿರ ರೂಪಾಯಿಗೂ ಮೇಲೆ ಆಗುತ್ತದೆ, ಫಲಿತಾಂಶ ಎರಡು ವರ್ಷ ಮಾತ್ರ ಊರ್ಜಿತ. ಚೀವ್ನಿಂಗ್ ತಾನಾಗಿ ಆ ಪರೀಕ್ಷೆ ಕೇಳುವುದನ್ನು ಬಿಟ್ಟಿದೆ, ವಿಶ್ವವಿದ್ಯಾಲಯ ಕೇಳಿದರೆ ಮಾತ್ರ ಬೇಕು. ಹಾಗಾಗಿ ಮೊದಲು ಪ್ರವೇಶಪತ್ರದ ಷರತ್ತು ನೋಡಿ, ಆಮೇಲೆ ಪರೀಕ್ಷೆಗೆ ದುಡ್ಡು ಕಟ್ಟಿ. ಪಾಸ್‌ಪೋರ್ಟನ್ನು ಇವತ್ತೇ ಮಾಡಿಸಿ. ಜಾತಿ, ಆದಾಯ ಪ್ರಮಾಣಪತ್ರದಲ್ಲಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ, ಆಧಾರ್‌ನಲ್ಲಿ ಹೆಸರಿನ ಸ್ಪೆಲಿಂಗು ಒಂದೇ ಇದೆಯಾ ನೋಡಿಕೊಳ್ಳಿ. ನಮ್ಮ ಹೆಸರುಗಳನ್ನು ಮೇಷ್ಟ್ರು ಒಂದು ಥರ, ನಾಡಕಚೇರಿಯವರು ಇನ್ನೊಂದು ಥರ ಬರೆದಿರುತ್ತಾರೆ.

ಅಲ್ಲಿಗೆ ಹೋದ ಮೇಲೆ ಜಾತಿ ಇರುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಇರುತ್ತದೆ, ಅಲ್ಲಿನ ಅಡುಗೆಮನೆಯಲ್ಲಿ, ಬಾಡಿಗೆ ರೂಮಿನ ಜೊತೆಗಾರರಲ್ಲಿ. ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯ 2019ರಲ್ಲಿ, ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾಲಯ 2022ರಲ್ಲಿ ತಾರತಮ್ಯ ವಿರೋಧಿ ನೀತಿಗೆ ಜಾತಿಯನ್ನು ಸೇರಿಸಿದವು, 2023ರಲ್ಲಿ ಸಿಯಾಟಲ್ ನಗರ ಕಾನೂನನ್ನೇ ಮಾಡಿತು. ಬ್ರಿಟನ್ ಸರ್ಕಾರ ಮಾತ್ರ 2018ರಲ್ಲಿ ಜಾತಿಗಾಗಿ ಪ್ರತ್ಯೇಕ ಕಾನೂನು ಬೇಡವೆಂದು ಕೈತೊಳೆದುಕೊಂಡಿತು.

ಮತ್ತೆ ಆ ಹುಡುಗಿಯ ವಿಚಾರಕ್ಕೆ ಬರುತ್ತೇನೆ. ನಾಲ್ಕು ದಿನ ಬಿಟ್ಟು ಬಂದಳು. ನನ್ನ ಮಾತು ಕೇಳಿರಲಿಲ್ಲ, ಅಪ್ಪನ ಬಗ್ಗೆ ಬರೆದೇ ತಂದಿದ್ದಳು. ಅಪ್ಪನ ಕಣ್ಣೀರು ಅದರಲ್ಲಿರಲಿಲ್ಲ. ನಮ್ಮೂರಿನ ಒಳಚರಂಡಿಗೆ ಸರಿಯಾದ ನಕ್ಷೆ ಇಲ್ಲ. ಯಾವ ಚೇಂಬರ್ ಮಳೆಗಾಲದಲ್ಲಿ ಮೊದಲು ಕಟ್ಟಿಕೊಳ್ಳುತ್ತೆ, ಯಾವ ಬೀದಿಯ ನೀರು ಎಲ್ಲಿ ಹೋಗಿ ಸೇರುತ್ತೆ, ಎಲ್ಲಿ ಗಾಳಿ ಕೆಟ್ಟಿರುತ್ತೆ ಎಂಬುದು ಅವರಪ್ಪನಿಗೆ ಗೊತ್ತು, ಮತ್ತೆ ಅವರ ಜೊತೆಯ ಇಬ್ಬರಿಗೆ. ಹೊಸ ಎಂಜಿನಿಯರ್ ಬಂದಾಗಲೆಲ್ಲ ಇವರನ್ನೇ ಗಾಡಿ ಹಿಂದೆ ಕೂರಿಸಿಕೊಂಡು ಊರು ಸುತ್ತುತ್ತಾರೆ. ಅವಳು ಅಪ್ಪನನ್ನು ಕೂರಿಸಿಕೊಂಡು ಕೈಯಲ್ಲೇ ಆ ನಕ್ಷೆ ಬರೆದಿದ್ದಳು. ನೈರ್ಮಲ್ಯದ ಯೋಜನೆಗಳು ಈ ತಿಳಿವಳಿಕೆಯನ್ನು ಬಳಸಿಕೊಳ್ಳುತ್ತವೆ, ದಾಖಲಿಸುವುದಿಲ್ಲ, ಅದಕ್ಕೆ ಬೆಲೆ ಕೊಡುವುದಿಲ್ಲ. ಮನುಷ್ಯ ಒಳಗಿಳಿಯದ ಹಾಗೆ ಚರಂಡಿ ಕಟ್ಟಬೇಕಾದರೆ ಇಳಿದವರನ್ನು ಕೇಳಿಯೇ ಕಟ್ಟಬೇಕು ಎಂಬುದು ಅವಳ ವಾದ. ಮಲ ಹೊರುವ ಪದ್ಧತಿಯ ವಿರುದ್ಧದ 1993ರ ಮತ್ತು 2013ರ ಕಾಯ್ದೆಗಳನ್ನೂ, ಒಳಚರಂಡಿಯಲ್ಲಿ ಸತ್ತವರಿಗೆ ಪರಿಹಾರ ಕೊಡಬೇಕೆಂಬ 2014ರ ಸುಪ್ರೀಂ ಕೋರ್ಟ್ ತೀರ್ಪನ್ನೂ ತಂದಿದ್ದಳು. ನಮ್ಮ ಕೆಜಿಎಫ್‌ನಿಂದಲೇ ಹೊರಟ ಬೆಜವಾಡ ವಿಲ್ಸನ್ ಅವರ ಸಫಾಯಿ ಕರ್ಮಚಾರಿ ಆಂದೋಲನ, ಸರ್ಕಾರ ಇಲ್ಲವೆಂದ ಒಣ ಪಾಯಿಖಾನೆಗಳನ್ನು ತಾನೇ ಎಣಿಸಿ ತೋರಿಸಿದ್ದನ್ನು ಉದಾಹರಿಸಿದ್ದಳು.

ನಾನು ಇಂಗ್ಲಿಷ್ ತಿದ್ದಿದೆ, ಅಷ್ಟೇ. ಅಪ್ಪನಿಗೆ ಅದನ್ನು ಕನ್ನಡದಲ್ಲಿ ಓದಿ ಹೇಳಿದಳಂತೆ. “ಸಂತೆ ಮಾಳದ ಚೇಂಬರ್ ಬಿಟ್ಬಿಟ್ಟಿದ್ದೀಯ” ಅಂದರಂತೆ. ಅದನ್ನೂ ಸೇರಿಸಿ ಕಳಿಸಿದಳು. ಮೊದಲ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಈ ಸಲ ಜರ್ಮನಿಯದಕ್ಕೂ ಸೇರಿಸಿ ಹಾಕುತ್ತಿದ್ದಾಳೆ.

ಚೀವ್ನಿಂಗ್ ಅರ್ಜಿ ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ತೆರೆದು ಅಕ್ಟೋಬರ್‌ಗೆ ಮುಚ್ಚುತ್ತದೆ. ಕಾಮನ್‌ವೆಲ್ತ್‌ನದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ‘ಎಪೋಸ್’ನಲ್ಲಿ ಒಂದೊಂದು ಕೋರ್ಸಿಗೆ ಒಂದೊಂದು ದಿನಾಂಕ. ಅವಳ ಪ್ರಬಂಧದ ಪ್ರತಿಯನ್ನು, ಅವಳ ಒಪ್ಪಿಗೆ ಪಡೆದು, ನನ್ನ ಬಳಿ ಇಟ್ಟುಕೊಂಡಿದ್ದೇನೆ. ಬೇಕಾದವರು ಪತ್ರಿಕೆಯ ವಿಳಾಸಕ್ಕೆ ಬರೆದರೆ ಕಳಿಸುತ್ತೇನೆ. ಜೊತೆಗೆ ತಿರಸ್ಕೃತವಾದ ನನ್ನದನ್ನೂ, ಆ ‘ವಿಧೇಯೆ’ಯ ಶಿಫಾರಸು ಪತ್ರವನ್ನೂ, ಬರೆದವರ ಹೆಸರು ತೆಗೆದು.